ದೋಣಿ ಎಂಜಿನ್ನಿನ ಉಸಿರು: ಕಾರ್ಬುರೇಟರ್

ಕೊಡಗಿನಲ್ಲಿ ಕಾವೇರಿ ಉಕ್ಕಿದಾಗ ನದಿದಂಡೆಯ ಜನರಿಗೆ ದೋಣಿಯೇ ಆಸರೆ. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ನೆಲ್ಯಹುದಿಕೇರಿಗಳ ಮನೆಗಳಿಗೆ ನೀರು ನುಗ್ಗಿತ್ತು. ಇಂಥ ವೇಳೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಹಗ್ಗ ಎಳೆದ ಕೂಡಲೇ ಹೊರಡಬೇಕು. ವರ್ಷದ ಬಹುಕಾಲ ಮೂಲೆಯಲ್ಲಿದ್ದ ಹಳೆಯ ಎಂಜಿನ್ನಿನಲ್ಲಿ ಕೈಕೊಡುವುದು ಹೆಚ್ಚಾಗಿ ಕಾರ್ಬುರೇಟರ್.

ಅದರ ಕೆಲಸವೇನು? ಎಂಜಿನ್ ಎಳೆದುಕೊಳ್ಳುವ ಗಾಳಿ ಇಕ್ಕಟ್ಟಾದ ಕೊಳವೆಯಲ್ಲಿ ವೇಗ ಪಡೆಯುತ್ತದೆ. ಅಲ್ಲಿ ಒತ್ತಡ ಇಳಿಯುತ್ತದೆ. ಆಗ ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಪೆಟ್ರೋಲ್ ಮೇಲೇರಿ ಗಾಳಿಯೊಡನೆ ಬೆರೆಯುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಬೇಕು.

ನಿಂತ ಪೆಟ್ರೋಲ್ ಆರಿದಾಗ ಅಂಟು ಉಳಿದು ಜೆಟ್ ಕಟ್ಟಿಕೊಳ್ಳುತ್ತದೆ. ಹಳೆಯ ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿರುತ್ತಾರೆ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ; ಪಿಸ್ಟನ್ ಕಾದು ನಡುಹೊಳೆಯಲ್ಲೇ ಹಿಡಿದುಕೊಳ್ಳಬಹುದು.

ರಿಪೇರಿಗೆ ಮೊದಲು ಪ್ಲಗ್ ವೈರ್ ಕಳಚಿ; ಬೆಂಕಿ ದೂರವಿರಲಿ. ಮಿಶ್ರಣ ತಿದ್ದುವ ಸ್ಕ್ರೂ ಬಿಚ್ಚುವ ಮುನ್ನ ಅದನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಾಯಿತೆಂದು ಬರೆದಿಡಿ. ಮರಳಿ ಜೋಡಿಸುವಾಗ ಅದೇ ಗುರುತು. ಜೆಟ್ಟನ್ನು ಕಾರ್ಬುರೇಟರ್ ಕ್ಲೀನರ್ ಹಾಗೂ ಗಾಳಿಯಿಂದ ಶುಚಿಗೊಳಿಸಿ. ತಂತಿ ಚುಚ್ಚಿದರೆ ರಂಧ್ರ ಹಿಗ್ಗಿ ಅಳತೆ ಕೆಡುತ್ತದೆ. ಪೆಟ್ರೋಲ್ ಮಟ್ಟ ಕಾಯುವ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಪೆಟ್ರೋಲಿನ ಸದ್ದು ಕೇಳಿದರೆ ಬದಲಿಸಿ. ಗ್ಯಾಸ್ಕೆಟ್ ಹೊಸದಿರಲಿ. ಎಥನಾಲ್ ಬೆರೆತ ಇಂದಿನ ಪೆಟ್ರೋಲ್ ಹಳೆಯ ರಬ್ಬರನ್ನು ಕೆಡಿಸಬಲ್ಲದು.

ಪರೀಕ್ಷಿಸುವಾಗ ಎಂಜಿನ್ನಿನ ಕೆಳಭಾಗ ನೀರಿನಲ್ಲಿರಲಿ. ಅದನ್ನು ತಂಪಾಗಿಡುವುದು ಆ ನೀರೇ. ಮಳೆಗಾಲ ಮುಗಿದ ಮೇಲೆ ಕಾರ್ಬುರೇಟರಿನ ಪೆಟ್ರೋಲನ್ನು ಬಸಿದಿಟ್ಟರೆ ಮುಂದಿನ ಮುಂಗಾರಿಗೆ ಎಂಜಿನ್ ಸಿದ್ಧವಾಗಿರುತ್ತದೆ.