ಮೆಲ್‌ಗೆ ಸಿಗದೇ ಹೋದ ಸಮಯ

'ಆರ್ಕೇನ್' ಅನಿಮೇಷನ್ ಸರಣಿಯ ಎರಡನೇ ಸೀಸನ್ ನೋಡಿದ್ರಾ? ಅದರಲ್ಲಿ ಮೆಲ್ ಮೆಡಾರ್ಡಾಗೆ ಅನ್ಯಾಯ ಆಗಿದೆ. ಸ್ಪಾಯ್ಲರ್ ಇದೆ, ಹುಷಾರು.

2021ರ ಮೊದಲ ಸೀಸನ್‌ನಲ್ಲಿ ಮಾತೇ ಈಕೆಯ ಅಸ್ತ್ರ. ಪಿಲ್ಟೋವರ್ ನಗರದ ಆಡಳಿತ ಮಂಡಳಿಯಲ್ಲಿ ಕೂತಲ್ಲೇ ರಾಜಕೀಯದ ದಿಕ್ಕು ಬದಲಿಸುತ್ತಿದ್ದಳು.

2024ರ ಎರಡನೇ ಸೀಸನ್‌ನಲ್ಲಿ? ಮೂರನೇ ಕಂತಿನ ಹೊತ್ತಿಗೆ ಅಪಹರಣ, ಬ್ಲ್ಯಾಕ್ ರೋಸ್ ಎಂಬ ಗುಪ್ತ ಪಂಗಡದ ಸೆರೆ. ತನ್ನೊಳಗೇ ಮಾಂತ್ರಿಕ ಶಕ್ತಿ ಇದೆ ಅಂತ ಗೊತ್ತಾಗುತ್ತೆ. ಆ ಸತ್ಯ ಅರಗಿಸಿಕೊಳ್ಳೋಕೆ ಅವಳಿಗೂ ಪುರುಸೊತ್ತಿಲ್ಲ, ನಮಗೂ ಇಲ್ಲ. ಮರಳಿ ಬಂದರೆ ಯುದ್ಧ, ತಾಯಿ ಅಂಬೆಸ್ಸಾಳ ಸಾವು, ಆಮೇಲೆ ಊರು ಬಿಟ್ಟು ಹೋಗೋ ಹಡಗು.

ಕಾರಣ ಇಷ್ಟೇ: ಯುದ್ಧ, ಹೆಕ್ಸ್‌ಟೆಕ್ ಎಂಬ ಮಾಂತ್ರಿಕ ತಂತ್ರಜ್ಞಾನ, ವಿಜ್ಞಾನಿ ವಿಕ್ಟರ್‌ನ ಕಥೆ, ಸಮಾನಾಂತರ ಲೋಕ, ಎಲ್ಲವನ್ನೂ 9 ಕಂತಿನಲ್ಲೇ ತುರುಕಿದ್ದಾರೆ.

ಸರಣಿಯನ್ನು ಅನಿಮೇಟ್ ಮಾಡಿದ ಫೋರ್ಟೀಶ್ ಸ್ಟುಡಿಯೋದ ಪ್ರತಿ ಫ್ರೇಮೂ ಚಿತ್ರಕಲೆಯೇ. ಆದರೆ ಮೆಲ್ ತನ್ನ ಹೊಸ ಶಕ್ತಿಗೆ ಹೆದರೋದನ್ನ, ಅದನ್ನ ಒಪ್ಪಿಕೊಳ್ಳೋದನ್ನ ನಿಧಾನವಾಗಿ ನೋಡಬೇಕಿತ್ತು. ಪಾತ್ರವೂ ಅನ್ನದ ಹಾಗೆ. ಉರಿ ಹೆಚ್ಚಿಸಿದರೆ ತಳ ಹಿಡಿಯುತ್ತೆ, ಒಳಗೆ ಬೇಯೋದಿಲ್ಲ.