ಮುಖದ ತೊನ್ನು ಮತ್ತು ಮಾನಸಿಕ ಸ್ವಾಸ್ಥ್ಯ

ತೊನ್ನು (ವಿಟಿಲಿಗೊ) ಎಂಬುದು ಚರ್ಮಕ್ಕೆ ಬಣ್ಣ ನೀಡುವ ಮೆಲನೋಸೈಟ್ ಜೀವಕೋಶಗಳು ನಾಶವಾಗಿ ಬಿಳಿಯ ಮಚ್ಚೆಗಳು ಮೂಡುವ ದೀರ್ಘಕಾಲಿಕ ಸ್ಥಿತಿ. ಜಗತ್ತಿನ ಜನಸಂಖ್ಯೆಯಲ್ಲಿ ಸುಮಾರು ಶೇ. 0.5ರಿಂದ 2ರಷ್ಟು ಮಂದಿಯಲ್ಲಿ ಇದು ಕಂಡುಬರುತ್ತದೆ. ಮಚ್ಚೆಗಳು ಸಾಮಾನ್ಯವಾಗಿ ನೋಯುವುದಿಲ್ಲ, ಪ್ರಾಣಾಪಾಯವೂ ಇಲ್ಲ. ಆದರೆ ಅವು ಮುಖದಲ್ಲಿ ಕಾಣಿಸಿಕೊಂಡಾಗ ವ್ಯಕ್ತಿಯ ಆತ್ಮವಿಶ್ವಾಸ, ವಿದ್ಯಾಭ್ಯಾಸ, ಉದ್ಯೋಗ ಹಾಗೂ ವಿವಾಹದ ಮೇಲೆ ಗಾಢವಾದ ಪರಿಣಾಮ ಉಂಟಾಗಬಹುದು.

ಭಾವನಾತ್ಮಕ ಪರಿಣಾಮಗಳು

ಕಪ್ಪು ಅಥವಾ ಗೋಧಿ ಬಣ್ಣದ ಚರ್ಮದಲ್ಲಿ ಮಚ್ಚೆಗಳು ಎದ್ದು ಕಾಣುತ್ತವೆ. ಕೈಕಾಲಿನ ಮಚ್ಚೆಯನ್ನು ಬಟ್ಟೆಯಿಂದ ಮರೆಮಾಡಬಹುದು; ಮುಖದ ಮಚ್ಚೆಗೆ ಆ ಅನುಕೂಲವಿಲ್ಲ. ಅಪರಿಚಿತರ ದಿಟ್ಟಿಸುವ ನೋಟ, ಬಂಧುಗಳ ಪ್ರಶ್ನೆ, ಸಹಪಾಠಿಗಳ ಅಡ್ಡಹೆಸರು ಇವುಗಳಿಂದ ನಾಚಿಕೆ, ಆತಂಕ ಮತ್ತು ಖಿನ್ನತೆ ಬೆಳೆಯಬಹುದು. ಕೆಲವರು ಸಮಾರಂಭಗಳಿಂದಲೂ ಛಾಯಾಚಿತ್ರಗಳಿಂದಲೂ ದೂರ ಉಳಿಯುತ್ತಾರೆ. ಮನಸ್ಸಿನ ನೋವು ಮಚ್ಚೆಯ ಗಾತ್ರವನ್ನಷ್ಟೇ ಅವಲಂಬಿಸಿರುವುದಿಲ್ಲ. ಸುಮಾರು ಅರ್ಧದಷ್ಟು ಜನರಲ್ಲಿ ಈ ಸ್ಥಿತಿ 20 ವರ್ಷದೊಳಗೆ ಆರಂಭವಾಗುವುದರಿಂದ ವಿದ್ಯಾರ್ಥಿಗಳಿಗೆ ಇದರ ಹೊರೆ ಹೆಚ್ಚು.

ಚರ್ಮದ ತೊಂದರೆಯು ದೈನಂದಿನ ಬದುಕನ್ನು ಎಷ್ಟರಮಟ್ಟಿಗೆ ಬಾಧಿಸಿದೆ ಎಂಬುದನ್ನು ಅಳೆಯಲು ವೈದ್ಯರು 1994ರಲ್ಲಿ ರೂಪುಗೊಂಡ 10 ಪ್ರಶ್ನೆಗಳ 'ಡರ್ಮಟಾಲಜಿ ಲೈಫ್ ಕ್ವಾಲಿಟಿ ಇಂಡೆಕ್ಸ್' ಅನ್ನು ಬಳಸುತ್ತಾರೆ. ಇದರ ಅಂಕ 0ಯಿಂದ 30ರವರೆಗೆ ಇರುತ್ತದೆ. 10ಕ್ಕಿಂತ ಹೆಚ್ಚಿದ್ದರೆ ಬಾಧೆ ತೀವ್ರವೆಂದು ಅರ್ಥ.

ತಪ್ಪು ಕಲ್ಪನೆಗಳು

'ಶ್ವೇತಕುಷ್ಠ' ಎಂಬ ಹಳೆಯ ಹೆಸರು ತೊನ್ನನ್ನು ಕುಷ್ಠರೋಗದೊಂದಿಗೆ ಬೆರೆಸಿಬಿಟ್ಟಿದೆ. ಕುಷ್ಠರೋಗವು ಬ್ಯಾಕ್ಟೀರಿಯಾದಿಂದ ಬರುವಂಥದು. ಅದರ ಮಚ್ಚೆಗಳಲ್ಲಿ ಸ್ಪರ್ಶಜ್ಞಾನ ಕುಂದುತ್ತದೆ. ತೊನ್ನಿನ ಮಚ್ಚೆಗಳಲ್ಲಿ ಸ್ಪರ್ಶಜ್ಞಾನ ಎಂದಿನಂತೆಯೇ ಇರುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಬಣ್ಣದ ಕೋಶಗಳ ಮೇಲೆ ದಾಳಿ ಮಾಡುವುದು ಇದರ ಮುಖ್ಯ ಕಾರಣ. ಮುಟ್ಟುವುದರಿಂದಾಗಲಿ ಜೊತೆಯಲ್ಲಿ ಉಣ್ಣುವುದರಿಂದಾಗಲಿ ಇದು ಹರಡುವುದಿಲ್ಲ. ಮೀನು ಮತ್ತು ಹಾಲನ್ನು ಒಟ್ಟಿಗೆ ಸೇವಿಸಿದರೆ ತೊನ್ನು ಬರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಆನುವಂಶಿಕ ಒಲವು ಇದ್ದರೂ ತೊನ್ನಿರುವವರ ಹೆಚ್ಚಿನ ಮಕ್ಕಳಿಗೆ ಅದು ಬರುವುದಿಲ್ಲ.

ನಿಭಾಯಿಸುವ ಕ್ರಮಗಳು

* ಚಿಕಿತ್ಸೆ: ಲೇಪನಗಳು ಹಾಗೂ ನ್ಯಾರೋಬ್ಯಾಂಡ್ ಯುವಿಬಿ ಬೆಳಕಿನ ಚಿಕಿತ್ಸೆ ಬಳಕೆಯಲ್ಲಿವೆ. ಬೆರಳ ತುದಿಗಿಂತ ಮುಖದಲ್ಲಿ ಬಣ್ಣ ಮರಳುವ ಸಾಧ್ಯತೆ ಹೆಚ್ಚು. ಆದರೆ ಅದಕ್ಕೆ ತಿಂಗಳುಗಳೇ ಬೇಕು. ಈ ಮಾತನ್ನು ಮೊದಲೇ ತಿಳಿದಿದ್ದರೆ ನಿರಾಶೆ ಕಡಿಮೆಯಾಗುತ್ತದೆ. ಕೆಲವರಲ್ಲಿ ಥೈರಾಯ್ಡ್ ತೊಂದರೆಯೂ ಜೊತೆಗಿರುತ್ತದೆ. ಅದರಿಂದಲೂ ಮನಸ್ಸು ಕುಗ್ಗಬಹುದಾದ್ದರಿಂದ ಪರೀಕ್ಷೆ ಅಗತ್ಯ.
* ಸಿದ್ಧ ಉತ್ತರ: "ಇದು ತೊನ್ನು, ಅಂಟುವುದಿಲ್ಲ" ಎಂಬಂಥ ಚಿಕ್ಕ ಉತ್ತರವನ್ನು ರೂಢಿಸಿಕೊಂಡರೆ ಪ್ರಶ್ನೆಗಳ ಭಯ ತಗ್ಗುತ್ತದೆ.
* ಮರೆಮಾಚುವ ಪ್ರಸಾಧನ: ಚರ್ಮದ ಬಣ್ಣಕ್ಕೆ ಹೊಂದುವ ಲೇಪವನ್ನು ಹಚ್ಚುವುದು ಅಥವಾ ಹಚ್ಚದಿರುವುದು ಆಯಾ ವ್ಯಕ್ತಿಯ ಆಯ್ಕೆ. ಮನೆಯವರು ಒತ್ತಾಯಿಸಬಾರದು.
* ಆಪ್ತಸಮಾಲೋಚನೆ: ನಕಾರಾತ್ಮಕ ಆಲೋಚನೆಗಳನ್ನು ಗುರುತಿಸಿ ತಿದ್ದಿಕೊಳ್ಳಲು ಅರಿವಿನ ವರ್ತನಾ ಚಿಕಿತ್ಸೆ ನೆರವಾಗುತ್ತದೆ.

ಶಾಲೆಯ ಪಾತ್ರ

ಮಗುವನ್ನು ಬೇರೆ ಬೆಂಚಿನಲ್ಲಿ ಕೂರಿಸುವುದು ತಪ್ಪು ಕಲ್ಪನೆಯನ್ನು ಗಟ್ಟಿಗೊಳಿಸುತ್ತದೆ. ಚರ್ಮದ ಬಣ್ಣದ ಕುರಿತು ಇಡೀ ತರಗತಿಗೆ ಪಾಠ ಹೇಳುವುದು, ಅಡ್ಡಹೆಸರುಗಳನ್ನು ಆರಂಭದಲ್ಲಿಯೇ ತಡೆಯುವುದು ಉಪಾಧ್ಯಾಯರ ಹೊಣೆ.

ತಜ್ಞರ ನೆರವು

ನಿದ್ರಾಹೀನತೆ, ಶಾಲೆಗೆ ಅಥವಾ ಕೆಲಸಕ್ಕೆ ಹೋಗಲು ನಿರಾಕರಣೆ, ಬದುಕು ಬೇಡವೆಂಬ ಭಾವನೆ ಕಂಡುಬಂದಲ್ಲಿ ವಿಳಂಬವಿಲ್ಲದೆ ಮನೋವೈದ್ಯರನ್ನು ಕಾಣಬೇಕು. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416; ಇಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಜಾಗೃತಿ

ಗಾಯಕ ಮೈಕೆಲ್ ಜಾಕ್ಸನ್ ತಮಗೆ ಚರ್ಮದ ಬಣ್ಣ ನಾಶವಾಗುವ ತೊಂದರೆಯಿದೆ ಎಂದು 1993ರ ದೂರದರ್ಶನ ಸಂದರ್ಶನದಲ್ಲಿ ತಿಳಿಸಿದ್ದರು. ಅವರು ನಿಧನರಾದ ಜೂನ್ 25ರಂದು ಪ್ರತಿವರ್ಷ ವಿಶ್ವ ವಿಟಿಲಿಗೊ ದಿನವನ್ನು ಆಚರಿಸಲಾಗುತ್ತದೆ.