ಕೊನೆಯ ಸಾಲಿನ ಶ್ರೋತೃ

ಸಂಗೀತ ಕಛೇರಿಯಲ್ಲಿ ಮೊದಲನೆಯ ಸಾಲಿನಲ್ಲಿ ಕುಳಿತವರ ಭಾಗ್ಯವೇ ಭಾಗ್ಯ. ಅವರು ತಲೆದೂಗಿದರೆ ವಿದ್ವಾಂಸರಿಗೆ ಕಾಣುವುದು. ತಾಳ ಹಾಕಿದರೆ ಮೃದಂಗದವರಿಗೆ ತಿಳಿಯುವುದು. ಆದರೆ ಚಪ್ಪರದ ಕಟ್ಟಕಡೆಯ ಕಂಬಕ್ಕೆ ಒರಗಿ, ನಿದ್ದೆಹೋದ ಮಗುವನ್ನು ಹೆಗಲಮೇಲೆ ಹಾಕಿಕೊಂಡು ನಿಂತಿರುವವನ ಕಿವಿಗೆ ಏನು ಬಿದ್ದಿತು, ಏನು ಬೀಳಲಿಲ್ಲ ಎಂಬುದನ್ನು ವಿಚಾರಿಸುವವರು ವಿರಳ. ಆ ಒಬ್ಬನಿಗೂ ನಾದವು ಮುಟ್ಟಬೇಕೆಂಬ ಹಂಬಲದಿಂದ ತಮ್ಮ ವಾದ್ಯದ ರೂಪವನ್ನೇ ಮಾರ್ಪಡಿಸಿದ ಮಹನೀಯರೊಬ್ಬರು ನಮ್ಮ ನಾಡಿನಲ್ಲಿ ಆಗಿಹೋಗಿದ್ದಾರೆ. ಅವರೇ ಪಿಟೀಲು ವಿದ್ವಾನ್ ಚೌಡಯ್ಯನವರು.

ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಅವರ ಜನನವಾಯಿತು. 1910ರಲ್ಲಿ, ಹದಿನೈದರ ಹರೆಯದಲ್ಲಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಹೆಸರಾಂತ ಗಾಯಕರು. ದಾಸರ ದೇವರನಾಮಗಳಿಗೆ ಕಛೇರಿಯಲ್ಲಿ ಗೌರವದ ಸ್ಥಾನವನ್ನು ಕೊಟ್ಟವರು. ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರು. ಅವರ ಶಿಕ್ಷಣವು ಬಹು ಕಠಿಣವೆಂದು ಪ್ರಸಿದ್ಧವಾಗಿತ್ತು. ಸುಮಾರು ಎಂಟು ವರ್ಷಕಾಲ ಚೌಡಯ್ಯನವರು ಗುರುಸನ್ನಿಧಿಯಲ್ಲಿ ಸಾಧನೆ ಮಾಡಿದರು. ಗಾಯಕರ ಬಳಿ ಪಿಟೀಲನ್ನು ಕಲಿತುದರಿಂದ ಒಂದು ಲಾಭವುಂಟಾಯಿತು. ಕೈಯಲ್ಲಿ ಹಿಡಿದುದು ತಂತಿಯಾದರೂ ಮನಸ್ಸಿನಲ್ಲಿ ನುಡಿಯುತ್ತಿದ್ದುದು ಕಂಠವೇ.

ಪಿಟೀಲು ನಮ್ಮ ದೇಶದ ವಾದ್ಯವಲ್ಲವೆಂಬುದು ವಾಚಕರಿಗೆ ತಿಳಿದೇ ಇದೆ. ಅದು ಯೂರೋಪಿನಿಂದ ಬಂದುದು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಅದನ್ನು ಕರ್ಣಾಟಕ ಸಂಗೀತಕ್ಕೆ ಹೊಂದಿಸಿಕೊಂಡರು. ಅಂದಿನಿಂದ ಅದು ಗಾಯಕರ ಪಕ್ಕದಲ್ಲಿ ಕುಳಿತು ನೆರಳಿನಂತೆ ಅನುಸರಿಸುತ್ತ ಬಂದಿತು. ಆದರೆ ನೆರಳಿಗೂ ಒಂದು ಸಂಕಟವಿದ್ದಿತು. ಅಂದಿನ ಗಾಯಕರು ಧ್ವನಿವರ್ಧಕದ ನೆರವಿಲ್ಲದೆ, ಎದೆ ತುಂಬಿ ಎತ್ತರದ ಶ್ರುತಿಯಲ್ಲಿ ಹಾಡತಕ್ಕವರು. ಮದುವೆಯ ಚಪ್ಪರಗಳಲ್ಲಿಯೂ ದೇವಾಲಯದ ಪ್ರಾಕಾರಗಳಲ್ಲಿಯೂ ನೂರಾರು ಜನ ಸೇರುತ್ತಿದ್ದರು. ಕಂಠದ ಕಂಚುನಾದವೂ ಮೃದಂಗದ ಗುಮಿಕೆಯೂ ಕೊನೆಯವರೆಗೆ ಹೋಗುತ್ತಿದ್ದುವು. ನಡುವೆ ಪಿಟೀಲಿನ ಸಣ್ಣ ಧ್ವನಿ ಅರ್ಧದಾರಿಯಲ್ಲಿಯೇ ಅಡಗಿಹೋಗುತ್ತಿತ್ತು. ಹಿಂದೆ ನಿಂತವರಿಗೆ ಕಮಾನು ಆಡುವುದು ಕಾಣುತ್ತಿತ್ತೇ ಹೊರತು ಸ್ವರ ಕೇಳುತ್ತಿರಲಿಲ್ಲ.

ಈ ಚಿಂತೆ ಹೊಸದೇನಲ್ಲ. ಭರತಮುನಿಗಳು ನಾಟ್ಯಶಾಸ್ತ್ರದಲ್ಲಿ ಪ್ರೇಕ್ಷಾಗೃಹದ ಅಳತೆಯನ್ನು ಹೇಳುವಾಗ, ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ಮನೆಯೇ ತಕ್ಕುದೆಂದು ವಿಧಿಸಿರುವರು. ಅದಕ್ಕಿಂತ ದೊಡ್ಡದಾದರೆ ಮಾತು ಅಸ್ಪಷ್ಟವಾಗುವುದು, ಮುಖದ ಭಾವವೂ ಕಾಣದೆಹೋಗುವುದು ಎಂಬುದೇ ಅವರು ಕೊಡುವ ಕಾರಣ. ರಸವು ರಂಗದ ಮೇಲೆ ಮುಗಿಯುವ ವಸ್ತುವಲ್ಲ, ಸಹೃದಯನನ್ನು ಮುಟ್ಟಿದಾಗಲೇ ಅದು ಸಿದ್ಧಿಸುವುದು ಎಂಬುದನ್ನು ಬಲ್ಲವರ ಮಾತಿದು. ಭರತರು ಮನೆಯನ್ನು ಕಿರಿದು ಮಾಡಿದರು. ಚೌಡಯ್ಯನವರಿಗೆ ಆ ದಾರಿಯಿರಲಿಲ್ಲ. ಬಂದ ಜನರನ್ನು ಹೊರಗೆ ಕಳುಹಿಸುವುದು ಹೇಗೆ? ಆದಕಾರಣ ಅವರು ನಾದವನ್ನು ಹಿರಿದು ಮಾಡಲು ಹೊರಟರು.

1927ರ ವೇಳೆಗೆ ಅವರು ಪಕ್ಕವಾದ್ಯದಲ್ಲಿ ಅಗ್ರಗಣ್ಯರೆನಿಸಿದ್ದರು. ಕೀರ್ತಿ ಬಂದಿತ್ತು, ಕರೆಗಳು ಬರುತ್ತಿದ್ದುವು. ಇನ್ನೊಬ್ಬರಾಗಿದ್ದರೆ, ಕೇಳಿಸದವರು ಮುಂದೆ ಬಂದು ಕುಳಿತುಕೊಳ್ಳಲಿ ಎಂದು ಸುಮ್ಮನಾಗುತ್ತಿದ್ದರು. ಇವರು ಹಾಗೆ ಮಾಡದೆ ವಾದ್ಯವನ್ನೇ ತಿದ್ದಿದರು. ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಕೂಡಿಸಿ, ಒಂದೇ ಕಮಾನಿನೆಳೆತದಲ್ಲಿ ಜೊತೆಜೊತೆಯಾಗಿ ನುಡಿಯುವಂತೆ ಅಳವಡಿಸಿದರು. ಏಳು ತಂತಿಗಳ ಪಿಟೀಲು ಹುಟ್ಟಿದುದು ಹೀಗೆ.

ಹೇಳುವುದಕ್ಕೆ ಇದು ಸುಲಭ, ಸಾಧಿಸುವುದಕ್ಕೆ ಸುಲಭವಲ್ಲ. ಒಂದು ತಂತಿಯನ್ನು ಒತ್ತುತ್ತಿದ್ದ ಬೆರಳು ಎರಡನ್ನು ಒಟ್ಟಿಗೆ ಒತ್ತಬೇಕು. ಎರಡರಲ್ಲಿ ಒಂದು ಕೂದಲೆಳೆಯಷ್ಟು ಇಳಿದರೂ ಅಪಸ್ವರವಾಗುವುದು. ಕಮಾನನ್ನು ಹಿಡಿದ ಕೈಗೂ ಭಾರ ಹೆಚ್ಚು. ಒಂದು ಘಟ್ಟಕ್ಕೆ ಬಂದ ವಿದ್ವಾಂಸನು ಕಲಿತುದನ್ನು ಕೆಳಗಿಟ್ಟು ಮತ್ತೆ ವಿದ್ಯಾರ್ಥಿಯಾಗುವುದೆಂದರೆ ಅದು ತಪಸ್ಸೇ ಸರಿ. ಸಂಪ್ರದಾಯವನ್ನು ಮೀರಿದರೆಂದು ಆಕ್ಷೇಪಿಸಿದವರೂ ಉಂಟು. ಚೌಡಯ್ಯನವರು ವಾದಕ್ಕೆ ನಿಲ್ಲದೆ ನುಡಿಸುತ್ತ ಹೋದರು. ನಮ್ಮ ತಂದೆಯವರು ತಾರುಣ್ಯದಲ್ಲಿ ಅವರ ವಾದನವನ್ನು ಕೇಳಿದ್ದರು. "ನಾವು ನಿಂತಿದ್ದುದು ಚಪ್ಪರದ ಹೊರಗೆ, ಚಪ್ಪಲಿಗಳ ರಾಶಿಯ ಪಕ್ಕದಲ್ಲಿ. ಆದರೂ ನಮ್ಮನ್ನೇ ಕರೆದು ಕೂರಿಸಿಕೊಂಡು ನುಡಿಸಿದಂತಿತ್ತು" ಎಂದು ಅವರು ಹೇಳುತ್ತಿದ್ದುದು ನಮಗೆ ಚೆನ್ನಾಗಿ ನೆನಪಿದೆ.

ಆಮೇಲಿನ ನಾಲ್ಕು ದಶಕಗಳ ಕಾಲ ಅವರು ಕಛೇರಿಗಳನ್ನು ನಡೆಸುತ್ತಲೇ ಇದ್ದರು. ಚೆಂಬೈ ವೈದ್ಯನಾಥ ಭಾಗವತರ ಗಾಯನ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರವರ ಮೃದಂಗ ಎಂದರೆ ಜನರು ದೂರದೂರದಿಂದ ಬಂದು ಸೇರುತ್ತಿದ್ದರು. ಮೈಸೂರು ಆಸ್ಥಾನದ ವಿದ್ವತ್ಪದವಿ ದೊರೆಯಿತು. ಹುಟ್ಟಿದೂರಿನ ನೆನಪನ್ನು 'ತ್ರಿಮಕುಟ' ಎಂಬ ಅಂಕಿತದಲ್ಲಿರಿಸಿ ಕೃತಿಗಳನ್ನು ರಚಿಸಿದರು, ಶಿಷ್ಯರನ್ನು ತಯಾರುಮಾಡಿದರು, 1943ರಲ್ಲಿ 'ವಾಣಿ' ಎಂಬ ಕನ್ನಡ ಚಲನಚಿತ್ರವನ್ನೂ ನಿರ್ಮಿಸಿದರು. ಮದರಾಸಿನ ಸಂಗೀತ ಅಕಾಡೆಮಿಯು 1957ರಲ್ಲಿ 'ಸಂಗೀತ ಕಲಾನಿಧಿ' ಬಿರುದನ್ನಿತ್ತು ಗೌರವಿಸಿತು. 1967ರ ಜನವರಿಯಲ್ಲಿ ಅವರು ಕಾಲವಾದರು. ಬೆಂಗಳೂರಿನಲ್ಲಿ ಅವರ ಹೆಸರಿನ ಸ್ಮಾರಕ ಭವನವು 1980ರಲ್ಲಿ ಸಿದ್ಧವಾಯಿತು. ಕಟ್ಟಡದ ಆಕಾರವೇ ಪಿಟೀಲು. ಅದಕ್ಕೂ ತಂತಿಗಳು ಏಳು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳದೆ ಈ ಲೇಖನವನ್ನು ಮುಗಿಸಲು ನಮಗೆ ಮನಸ್ಸಾಗದು. ನಾವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿದವರು. ಒಂದು ವರ್ಷ ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಹುಡುಗನೊಬ್ಬನು ಉಕ್ತಲೇಖನದಲ್ಲಿ ತಪ್ಪದೆ ತಪ್ಪು ಮಾಡುತ್ತಿದ್ದನು. ವಿಸರ್ಗಗಳು ಮಾಯವಾಗುತ್ತಿದ್ದುವು; 'ಫಲಾನಿ' ಎಂದರೆ 'ಬಲಾನಿ' ಎಂದು ಬರೆಯುತ್ತಿದ್ದನು. ಅಲಕ್ಷ್ಯವೆಂದು ತಿಳಿದು ಎಲ್ಲರೆದುರಿಗೆ ಅವನನ್ನು ಗದರಿಸಿದೆವು. ಅವನು ತಲೆ ತಗ್ಗಿಸಿ ನಿಲ್ಲುತ್ತಿದ್ದನು. ವರ್ಷಾಂತ್ಯದ ಪರೀಕ್ಷೆಯ ದಿನ ಅವನ ಸ್ಥಳವು ನಮ್ಮ ಮೇಜಿನ ಎದುರಿಗೇ ಬಿದ್ದಿತು. ಅಂದು ಅವನ ಉಕ್ತಲೇಖನದಲ್ಲಿ ಒಂದು ತಪ್ಪೂ ಇರಲಿಲ್ಲ. ಅವನ ಕಿವಿ ಮಂದವೆಂಬುದು ನಮಗೆ ತಿಳಿದುದು ಅಂದೇ. ಒಂದು ವರ್ಷಕಾಲ ನಾವು ಮೊದಲ ಸಾಲಿಗೇ ಪಾಠ ಹೇಳಿ, ನಮ್ಮ ಧ್ವನಿಯ ಕೊರತೆಯನ್ನು ಆ ಹುಡುಗನ ಬುದ್ಧಿಯಲ್ಲಿ ಹುಡುಕಿದ್ದೆವು. ಆಮೇಲೆ ಕೊನೆಯ ಬೆಂಚಿನ ಬಳಿ ನಿಂತು ಪಾಠ ಹೇಳುವುದನ್ನು ಅಭ್ಯಾಸಮಾಡಿಕೊಂಡೆವು, ನಿಜ. ಆದರೆ ಅವನಿಗೆ ನಷ್ಟವಾದ ವರ್ಷವನ್ನು ನಾವು ಹಿಂದಿರುಗಿಸಿ ಕೊಡಲಾರದೆಹೋದೆವು.

ಚೌಡಯ್ಯನವರ ಏಳು ತಂತಿಗಳನ್ನು ನೆನೆದಾಗಲೆಲ್ಲ ನಮಗೆ ಆ ಹುಡುಗನ ನೆನಪಾಗುವುದು. ಕೊನೆಯ ಸಾಲಿಗೆ ಕೇಳಿಸಲಿಲ್ಲವೆಂದರೆ ಕುಂದು ಶ್ರೋತೃವಿನದಲ್ಲ, ವಾದ್ಯವನ್ನು ತಿದ್ದಬೇಕು ಎಂಬ ವಿನಯವೇ ಅವರ ವಿದ್ವತ್ತಿನ ಮೂಲವಾಗಿತ್ತೆಂದು ನಮ್ಮ ಭಾವನೆ.

ಈಗ ಎಲ್ಲೆಲ್ಲಿಯೂ ಧ್ವನಿವರ್ಧಕಗಳಿವೆ. ಅಂಗೈಯಲ್ಲಿರುವ ಯಂತ್ರವೇ ಹಾಡುತ್ತದೆ. ಧ್ವನಿಯನ್ನು ಹಿಗ್ಗಿಸುವ ಕೆಲಸವನ್ನು ವಿದ್ಯುಚ್ಛಕ್ತಿಯು ವಹಿಸಿಕೊಂಡಿದೆ. ಮುಟ್ಟಿಸುವ ಕೆಲಸ ಮಾತ್ರ ಮನುಷ್ಯನಿಗೇ ಉಳಿದಿದೆ. ಮನೆಯಲ್ಲಿ ಮಗಳು ಸಂಗೀತವನ್ನು ಕಲಿಯುತ್ತಿದ್ದರೆ, ಬಾಗಿಲು ಮುಚ್ಚಿ ಸಾಧನೆ ಮಾಡೆಂದು ಹೇಳದೆ, ಸಂಜೆ ಒಂದು ಗಳಿಗೆ ನಡುಮನೆಯಲ್ಲಿ ಕುಳಿತು ಹಾಡೆಂದು ಹೇಳಿರಿ. ಒಳಕೋಣೆಯಲ್ಲಿ ಮಲಗಿರುವ ಅಜ್ಜಿಗೆ ಕೇಳಿಸಿತೇ ಎಂದು ಅವಳೇ ಎದ್ದುಹೋಗಿ ವಿಚಾರಿಸಲಿ. ಪ್ರತಿಯೊಂದು ಮನೆಯಲ್ಲಿಯೂ ಕೊನೆಯ ಸಾಲೊಂದು ಇದ್ದೇ ಇರುತ್ತದೆ.